ಹೀಟರ್‌ಗಿಂತ ಮೊದಲು ಹೊದಿಕೆ ತನ್ನಿ

ಪ್ರಶ್ನೆ: ನಮ್ಮದು ತಳಿ ಹತ್ತಿರ ತೋಟದ ಮನೆ. ಹಿತ್ತಲಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳ ಕಟ್ಟಿಸಿ ಎರಡು ವರ್ಷ ಆಯಿತು. ಆಳ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ಐದು ಅಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಯಾರೂ ಇಳಿಯುವುದಿಲ್ಲ, ನೀರು ಅಷ್ಟು ತಣ್ಣಗಿರುತ್ತದೆ. ನಮ್ಮ ಅತ್ತೆಗೆ ಮಂಡಿನೋವು, ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದಾರೆ. ಒಬ್ಬರು ಹೀಟ್ ಪಂಪ್ ಅಂತಾರೆ, ಒಬ್ಬರು ಗ್ಯಾಸ್, ಇನ್ನೊಬ್ಬರು ಸೋಲಾರ್. ನಮ್ಮ ಯಜಮಾನರು ದೊಡ್ಡ ಗೀಸರ್ ಕಾಯಿಲ್ ಹಾಕಿದರೆ ಸಾಕು ಅಂತಾರೆ. ಯಾವುದು ಹಾಕಿಸಲಿ? ಹೇಗೆ ಕೂರಿಸಬೇಕು?

ಉತ್ತರ: ಅಮ್ಮಾ, ನಮಸ್ಕಾರ. ಹೊಸೂರು, ಡೆಂಕಣಿಕೋಟೆ ಕಡೆ ಇಪ್ಪತ್ತು ವರ್ಷದಿಂದ ಈಜುಕೊಳದ ಪಂಪು, ಫಿಲ್ಟರ್ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ನಿಮ್ಮ ಊರಿನ ಚಳಿ ನನಗೆ ಚೆನ್ನಾಗಿ ಗೊತ್ತು. ತಳಿಗೆ ಲಿಟಲ್ ಇಂಗ್ಲೆಂಡ್ ಅನ್ನುವ ಹೆಸರು ಸುಮ್ನೆ ಬರಲಿಲ್ಲ. ಮಾಗಿಯಲ್ಲಿ ಬೆಳಗಿನ ಜಾವ ಗಾಳಿ 14, 15 ಡಿಗ್ರಿಗೆ ಇಳಿಯುತ್ತದೆ. ತೆರೆದ ಕೊಳದ ನೀರು 20, 21 ಡಿಗ್ರಿಯಲ್ಲಿ ನಿಂತುಬಿಡುತ್ತದೆ. ಮಕ್ಕಳೇ ಇಳಿಯಲು ಹೆದರುತ್ತಾರೆ, ಇನ್ನು ಮಂಡಿನೋವಿನ ಅಜ್ಜಿ ಹೇಗೆ ಇಳಿದಾರು?

ನೀವು ಯಾವ ಹೀಟರ್ ಅಂತ ಕೇಳಿದ್ದೀರಿ. ನಾನು ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕೊಳಕ್ಕೆ ಹೊದಿಕೆ ಇದೆಯಾ? ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಹೊದಿಕೆ ಇಲ್ಲದೆ ಹೀಟರ್ ಹಾಕಿಸುವುದು ತೂತು ಮಡಕೆಗೆ ನೀರು ತುಂಬಿದ ಹಾಗೆ. ಎಷ್ಟು ದೊಡ್ಡ ಮೆಷಿನ್ ತಂದರೂ ಸಾಲುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಮೈಯಿಂದ ಸ್ವಲ್ಪ ನೀರು ಆವಿಯಾಗುತ್ತದೆ. ಆ ಆವಿ ಒಳಗಿನ ನೀರಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಕೊಳ ಒಂದು ದೊಡ್ಡ ಮಡಕೆ, ಅಷ್ಟೇ. ಅದರ ಬಾಯಿ 32 ಚದರ ಮೀಟರ್. ಗಾಳಿ ಬೀಸುವ ದಿನ ಬೆಚ್ಚಗಿನ ನೀರು 5 ಮಿಲಿಮೀಟರ್ ಆವಿಯಾಯಿತು ಅಂತ ಇಟ್ಟುಕೊಳ್ಳಿ. ಒಂದು ಭತ್ತದ ಕಾಳಿನ ಉದ್ದವೂ ಇಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಅದು 160 ಲೀಟರ್ ನೀರು. ಒಂದು ಲೀಟರ್ ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಬೇಕು. ಲೆಕ್ಕ ಹಾಕಿದರೆ ನಿಮ್ಮ ಇಡೀ ಕೊಳ ಒಂದೇ ದಿನಕ್ಕೆ ಎರಡೂಕಾಲು ಡಿಗ್ರಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಗೋಡೆ, ನೆಲದಿಂದ ಹೋಗುವ ಬಿಸಿ ಇದರ ಮುಂದೆ ಚಿಲ್ಲರೆ.

ಇನ್ನೊಂದು ಲೆಕ್ಕ ನಿಮ್ಮ ಪಂಪ್ ರೂಮಿನ ಗೋಡೆಯ ಮೇಲೆ ಬರೆದಿಡಿ. ನಿಮ್ಮ ಕೊಳದ ಸರಾಸರಿ ಆಳ ನಾಲ್ಕು ಅಡಿ, ಅಂದರೆ 1.2 ಮೀಟರ್. ನೀರು ಸುಮಾರು 38,000 ಲೀಟರ್. ಅಷ್ಟನ್ನೂ 1 ಡಿಗ್ರಿ ಏರಿಸಲು ಹತ್ತಿರ ಹತ್ತಿರ 45 ಯೂನಿಟ್ ಬಿಸಿ ಬೇಕು. ಯೂನಿಟ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ. 21ರಿಂದ 28ಕ್ಕೆ ಏರಿಸಲು 315 ಯೂನಿಟ್. ಈ 45 ಮತ್ತು 315 ನಿಮ್ಮ ಕೈಯಲ್ಲಿದ್ದರೆ ಯಾವ ಅಂಗಡಿಯವರೂ ನಿಮ್ಮನ್ನು ದಾರಿ ತಪ್ಪಿಸಲು ಆಗುವುದಿಲ್ಲ.

ಈಗ ನಿಮ್ಮ ಯಜಮಾನರ ಕಾಯಿಲ್ ವಿಷಯ. ಇದನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಇದು ಪ್ರಾಣದ ಪ್ರಶ್ನೆ. ಬಕೆಟ್‌ಗೆ ಇಳಿಬಿಡುವಂಥ ಕಾಯಿಲ್ ಎಷ್ಟೇ ದೊಡ್ಡದಿರಲಿ, ಈಜುಕೊಳದ ನೀರಿಗೆ ಇಳಿಬಿಡಲೇಬಾರದು. ಯಾರೂ ಇಳಿಯದ ಹೊತ್ತಿನಲ್ಲಿ ಹಾಕುತ್ತೇವೆ ಅಂದರೂ ಬೇಡ. ಒಂದು ಸಣ್ಣ ಬಿರುಕು ಸಾಕು, ಒದ್ದೆ ಮೈಯ ಮನುಷ್ಯನಿಗೆ ಉಳಿಗಾಲ ಇಲ್ಲ. ಪೈಪಿನ ಒಳಗೆ ಕೂರಿಸುವ ಈಜುಕೊಳದ್ದೇ ಎಲೆಕ್ಟ್ರಿಕ್ ಹೀಟರ್ ಬೇರೆ ಇದೆ. ಅದು ಸುರಕ್ಷಿತವಾಗಿಯೇ ಇರುತ್ತದೆ. ಆದರೆ 6 ಕಿಲೋವ್ಯಾಟ್‌ನದು ಹಾಕಿದರೂ 315 ಯೂನಿಟ್ ಕೊಡಲು 52 ಗಂಟೆ ಬೇಕು, ಅದೂ ನೀರು ಒಂದು ಡಿಗ್ರಿಯೂ ತಣ್ಣಗಾಗದಿದ್ದರೆ. ಕೊಟ್ಟ ಕರೆಂಟಿಗೆ ಬರುವ ಬಿಸಿ ಅಷ್ಟಕ್ಕಷ್ಟೇ. ಸಣ್ಣ ತೊಟ್ಟಿಗೆ ಸರಿ, ನಿಮ್ಮ ಕೊಳಕ್ಕೆ ಬೇಡ.

ಬಚ್ಚಲ ಮನೆಯ ಸೋಲಾರ್ ನೀರನ್ನೇ ಬಿಡಬಹುದಾ ಅಂತ ಕೇಳುವವರು ಬಹಳ. 300 ಲೀಟರ್ ಟ್ಯಾಂಕಿನ 60 ಡಿಗ್ರಿ ನೀರನ್ನು ಪೂರ್ತಿ ಸುರಿದರೂ ನಿಮ್ಮ ಕೊಳ ಏರುವುದು 0.3 ಡಿಗ್ರಿ. ಮನೆಯವರ ಸ್ನಾನಕ್ಕೆ ನೀರು ಇಲ್ಲದೆ ಹೋಗುತ್ತದೆ, ಅಷ್ಟೇ.

ಈಜುಕೊಳದ ಸೋಲಾರ್ ಬೇರೆಯೇ ರೀತಿಯದು. ಗಾಜಿಲ್ಲ, ಟ್ಯಾಂಕಿಲ್ಲ. ಕಪ್ಪು ರಬ್ಬರ್ ಅಥವಾ ಪ್ಲಾಸ್ಟಿಕ್ ಚಾಪೆಗಳು, ಒಳಗೆ ಸಣ್ಣ ಸಣ್ಣ ಕೊಳವೆಗಳು. ಕೊಳದ ನೀರೇ ತಾರಸಿಗೆ ಹೋಗಿ ಒಂದೆರಡು ಡಿಗ್ರಿ ಬೆಚ್ಚಗಾಗಿ ವಾಪಸ್ ಬರುತ್ತದೆ. ಒಳ್ಳೆಯ ವ್ಯವಸ್ಥೆ, ಓಡಿಸುವ ಖರ್ಚು ಪಂಪಿನದು ಮಾತ್ರ. ಆದರೆ ಜಾಗ ಬೇಕು. ಕೊಳದ ಬಾಯಿಯ ಅರ್ಧದಿಂದ ಪೂರ್ತಿವರೆಗೆ ಚಾಪೆ ಹಾಸಬೇಕು. ನಿಮ್ಮ ಚಳಿಗೆ ಕಡಿಮೆಯೆಂದರೂ 25 ಚದರ ಮೀಟರ್, ದಕ್ಷಿಣಕ್ಕೆ ತಿರುಗಿದ, ಮರದ ನೆರಳಿಲ್ಲದ ತಾರಸಿ. ತೊಂದರೆ ಏನೆಂದರೆ ನಿಮಗೆ ಬಿಸಿ ಬೇಕಾದ ಕಾಲದಲ್ಲೇ ಮೋಡ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಬೆಳಿಗ್ಗೆ ಮಂಜು. ಜನವರಿಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಆಗ ಚಾಪೆ ದುಡಿಯುತ್ತದೆ. ನಿಮ್ಮ ಅತ್ತೆಯವರ ಮಂಡಿಗೆ ದಿನಾ ಬೆಚ್ಚಗಿನ ನೀರು ಬೇಕು. ಬಿಸಿಲು ಬಂದ ದಿನ ಮಾತ್ರ ಅಂದರೆ ಆಗುವುದಿಲ್ಲ. ಹಾಗಾಗಿ ಸೋಲಾರ್ ಒಂದನ್ನೇ ನಂಬಿ ಅಂತ ನಾನು ಹೇಳಲಾರೆ.

ತೋಟದಲ್ಲಿ ಡ್ರಿಪ್ ಪೈಪ್ ಬಿದ್ದಿರುತ್ತದೆ, ಅದನ್ನೇ ಸುರುಳಿ ಸುತ್ತಿ ತಾರಸಿಗೆ ಹಾಕಿದರೆ? ಇದನ್ನೂ ನಮ್ಮ ರೈತರು ಕೇಳುತ್ತಾರೆ. ಯೋಚನೆ ತಪ್ಪಲ್ಲ. ಆದರೆ 16 ಮಿಲಿಮೀಟರ್ ಪೈಪ್ 100 ಮೀಟರ್ ಹಾಸಿದರೆ ಬಿಸಿಲಿಗೆ ಒಡ್ಡಿದ ಜಾಗ 1.6 ಚದರ ಮೀಟರ್ ಮಾತ್ರ. 25 ಚದರ ಮೀಟರ್ ಆಗಬೇಕಾದರೆ 1,500 ಮೀಟರ್‌ಗಿಂತ ಜಾಸ್ತಿ ಬೇಕು. ಅಷ್ಟು ಸಣ್ಣ ಪೈಪಿನಲ್ಲಿ ನೀರು ತಳ್ಳಲು ಪಂಪು ಒದ್ದಾಡುತ್ತದೆ.

ಗ್ಯಾಸ್ ಹೀಟರ್‌ಗೆ ಒಂದು ದೊಡ್ಡ ಗುಣ ಇದೆ: ವೇಗ. ತಿಂಗಳಿಗೆ ಒಂದು ಸಲ ಶನಿವಾರ ಬೆಂಗಳೂರಿನಿಂದ ಬರುವವರ ತೋಟದ ಮನೆಗೆ ಅದು ಸರಿ. ನಿಮ್ಮಂತೆ ಅಲ್ಲೇ ಇರುವವರಿಗೆ ಖರ್ಚು ತಡೆಯುವುದಿಲ್ಲ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಒಂದರಿಂದ ನೀರಿಗೆ ಸೇರುವುದು ಸುಮಾರು 200 ಯೂನಿಟ್ ಬಿಸಿ. ಮೊದಲ ಸಲ ಬಿಸಿ ಮಾಡಲು ಒಂದೂವರೆ ಸಿಲಿಂಡರ್ ಮುಗಿಯುತ್ತದೆ. ಆಮೇಲೆ ಹೊದಿಕೆ ಇದ್ದರೂ ಮೂರು ದಿನಕ್ಕೊಂದು. ದೊಡ್ಡ ಬರ್ನರ್‌ಗೆ ಒಂದೇ ಸಿಲಿಂಡರ್ ಕೊಟ್ಟರೆ ಅದರ ಮೈಮೇಲೆ ಮಂಜು ಕಟ್ಟಿ ಗ್ಯಾಸ್ ಬರುವುದೇ ಕಡಿಮೆಯಾಗುತ್ತದೆ, ಹಾಗಾಗಿ ಮೂರು ನಾಲ್ಕು ಜೋಡಿಸಬೇಕು. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಅಡುಗೆಗೆ ಮಾತ್ರ, ಅದನ್ನು ಇದಕ್ಕೆ ತರಬೇಡಿ.

ನಿಮಗೆ ನನ್ನ ಸಲಹೆ ಹೀಟ್ ಪಂಪ್. ಫ್ರಿಜ್ ಹಿಂದೆ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ? ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುವ ಕೆಲಸ ಅದು. ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಹಾಕುತ್ತದೆ. ಕರೆಂಟ್ ಖರ್ಚಾಗುವುದು ಎಳೆಯುವ ಕೂಲಿಗೆ ಮಾತ್ರ. ಒಂದು ಯೂನಿಟ್ ಕರೆಂಟಿಗೆ ನಾಲ್ಕರಿಂದ ಐದು ಯೂನಿಟ್ ಬಿಸಿ ಸಿಗುತ್ತದೆ. ಹಾಗಾಗಿ 315 ಯೂನಿಟ್ ಬಿಸಿಗೆ 70 ಯೂನಿಟ್ ಕರೆಂಟ್ ಸಾಕು. ಆಮೇಲೆ ಹೊದಿಕೆ ಹಾಕಿದ ಕೊಳ ದಿನಕ್ಕೆ ಒಂದೂವರೆ ಡಿಗ್ರಿ ಇಳಿದರೆ ಅದನ್ನು ಮತ್ತೆ ಏರಿಸಲು ದಿನಕ್ಕೆ 15 ಯೂನಿಟ್. ನಿಮ್ಮ ಇ.ಬಿ. ಬಿಲ್, ಅಂದರೆ ಕರೆಂಟ್ ಬಿಲ್, ಬರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದು ಬಿಲ್ಲಿಗೆ 900 ಯೂನಿಟ್ ಸೇರುತ್ತದೆ, ಅದೂ ಮೇಲಿನ ಸ್ಲ್ಯಾಬ್‌ನಲ್ಲಿ. ಇದನ್ನು ಮನೆಯವರೆಲ್ಲ ಕೂತು ಒಪ್ಪಿಕೊಂಡ ಮೇಲೆಯೇ ಮುಂದೆ ಹೋಗಿ. ಹೊದಿಕೆ ಇಲ್ಲದಿದ್ದರೆ ಇದು ಎರಡರಷ್ಟೂ ಆಗಬಹುದು.

ತೋಟದ ಬೋರ್‌ವೆಲ್‌ಗೆ ಉಚಿತ ಕರೆಂಟ್ ಇದೆ, ಅದರಿಂದಲೇ ಎಳೆದುಕೊಳ್ಳೋಣ ಅನ್ನುವ ಮಾತು ಬಂದೇ ಬರುತ್ತದೆ. ದಯವಿಟ್ಟು ಬೇಡ. ಅದು ಬೆಳೆಗೆ ಕೊಟ್ಟದ್ದು, ಈಜುಕೊಳಕ್ಕೆ ಬಳಸುವುದು ಅಪರಾಧ. ಆ ಲೈನಿನಲ್ಲಿ ದಿನವಿಡೀ ತ್ರೀ ಫೇಸ್ ಇರುತ್ತದೆ ಅನ್ನುವ ಭರವಸೆಯೂ ಇಲ್ಲ.

ಮೆಷಿನ್ ಎಷ್ಟು ದೊಡ್ಡದು? ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಪೆಟ್ಟಿಗೆಯ ಮೇಲೆ 15 ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಆ ಅಂಕಿ ಗಾಳಿ 26, 27 ಡಿಗ್ರಿ ಇರುವಾಗಿನದು. ಆ ಹವೆಯಲ್ಲಿ ನಿಮಗೆ ಹೀಟರ್ರೇ ಬೇಡ, ಅಲ್ವಾ? ಗಾಳಿ 15 ಡಿಗ್ರಿ ಇರುವಾಗ ಎಷ್ಟು ಕೊಡುತ್ತದೆ ಅಂತ ಕೇಳಿ. ಒಳ್ಳೆಯ ಕಂಪನಿಯ ಕಾಗದದಲ್ಲಿ ಎರಡೂ ಅಂಕಿ ಇರುತ್ತವೆ. ಎರಡನೆಯದನ್ನು ತೋರಿಸದವರ ಹತ್ತಿರ ಕೊಳ್ಳಬೇಡಿ. ನಿಮ್ಮ ಕೊಳಕ್ಕೆ 15 ಡಿಗ್ರಿಯಲ್ಲಿ 10 ಕಿಲೋವ್ಯಾಟ್ ಕೊಡುವ ಮೆಷಿನ್ ಸಾಕು. ಮೊದಲ ಸಲ ಬಿಸಿಯಾಗಲು ಒಂದೂವರೆ ದಿನ ಹಿಡಿಯುತ್ತದೆ. ಆಮೇಲೆ ದಿನಕ್ಕೆ ಆರೇಳು ಗಂಟೆ ಓಡಿದರೆ ಆಯಿತು. ಆ ಆರೇಳು ಗಂಟೆಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗ ಅದೇ ಕರೆಂಟಿಗೆ ಜಾಸ್ತಿ ಬಿಸಿ ಸಿಗುತ್ತದೆ. ರಾತ್ರಿ ಓಡಿಸುವವರು ಚಳಿಯ ಜೊತೆ ಗುದ್ದಾಡುತ್ತಾರೆ.

ಒಳಗಿನ ಸುರುಳಿ ಟೈಟಾನಿಯಂದೇ ಆಗಿರಲಿ. ತಾಮ್ರವನ್ನು ಕ್ಲೋರಿನ್ ನೀರು ನಿಧಾನವಾಗಿ ತಿನ್ನುತ್ತದೆ, ಕೊಳದ ಗೋಡೆಗೆ ಹಸಿರು ಕಲೆ ಬರುತ್ತದೆ. ಇನ್ವರ್ಟರ್ ಮಾದರಿ, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವಂಥದ್ದು, ಸಿಕ್ಕರೆ ಒಳ್ಳೆಯದು. ಸದ್ದು ಕಡಿಮೆ, ಶುರುವಾಗುವಾಗ ಕರೆಂಟನ್ನು ಒಮ್ಮೆಲೇ ಎಳೆಯುವುದಿಲ್ಲ. ಇನ್ನು ನಮ್ಮ ಕಡೆಯವರು ಮರೆಯದೆ ಕೇಳಬೇಕಾದ ಒಂದು ಮಾತು. ಬೆಂಗಳೂರಿನಲ್ಲಿ ಕೊಂಡರೆ ಸರ್ವೀಸ್‌ನವರು ಗಡಿಯ ಅತ್ತಿಬೆಲೆ ದಾಟಿ ತಮಿಳುನಾಡಿಗೆ ಬರುತ್ತಾರಾ? ವಾರಂಟಿಯಲ್ಲಿ ಬಂದು ಹೋಗುವ ಖರ್ಚು ಯಾರದು? ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಕೂರಿಸುವ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮತ್ತಿಗಿರಿ ಹತ್ತಿರ ಒಂದು ಮನೆಗೆ ನನ್ನನ್ನು ಕರೆದಿದ್ದರು. ಹೊಸ ಹೀಟ್ ಪಂಪ್, ಹದಿನೈದು ದಿನ ಓಡಿಸಿದರೂ ನೀರು 23 ಡಿಗ್ರಿ ದಾಟಿಲ್ಲ. ಹೋಗಿ ನೋಡಿದರೆ ಮೆಷಿನ್ನನ್ನು ಮಳೆಗೆ ನೆನೆಯಬಾರದು ಅಂತ ಪಂಪ್ ರೂಮಿನೊಳಗೆ ಇಟ್ಟು ಬಾಗಿಲು ಹಾಕಿದ್ದರು. ಅದು ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ರೂಮು ಐಸ್ ಪೆಟ್ಟಿಗೆ ಆಗಿತ್ತು. ಹೊರಗೆ ಬಯಲಿಗೆ ತಂದಿಟ್ಟೆವು, ಎರಡೇ ದಿನಕ್ಕೆ 28 ಬಂತು. ಆ ಮನೆಯ ಅಜ್ಜ ಅಷ್ಟು ದಿನ ನೀರಿಗೆ ಕೈ ಹಾಕಿ ಹಾಕಿ ನೋಡಿ ಬೇಸರಪಟ್ಟಿದ್ದರು, ಅದು ನೆನೆದರೆ ಈಗಲೂ ಸಂಕಟ ಆಗುತ್ತದೆ. ಮೆಷಿನ್ ಮಳೆಗೆ ನೆನೆಯಲೆಂದೇ ಮಾಡಿರುವುದು. ಹಿಂದೆ ಅರ್ಧ ಮೀಟರ್, ಗಾಳಿ ಬಿಡುವ ಮುಂಭಾಗದಲ್ಲಿ ಎರಡೂವರೆ ಮೀಟರ್ ಖಾಲಿ ಬಿಡಿ. ನೆಲದಿಂದ ನಾಲ್ಕು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಿ, ಮೆಷಿನ್ ಕಾಲಿನ ಕೆಳಗೆ ರಬ್ಬರ್ ಕೊಡಿ. ಅತ್ತೆಯವರು ಮಲಗುವ ಕೋಣೆಯ ಕಿಟಕಿಯ ಕೆಳಗೆ ಮಾತ್ರ ಬೇಡ.

ನೀರು ಸಾಗುವ ದಾರಿ ಹೀಗಿರಲಿ: ಪಂಪು, ಆಮೇಲೆ ಫಿಲ್ಟರ್, ಆಮೇಲೆ ಹೀಟರ್, ಎಲ್ಲದರ ಕೊನೆಗೆ ಕ್ಲೋರಿನ್ ಹಾಕುವ ಸಾಧನ. ಈ ಕ್ರಮ ತಪ್ಪಿದರೆ ಗಟ್ಟಿ ಕ್ಲೋರಿನ್ ನೀರು ಹೀಟರ್ ಒಳಗೆ ನಿಂತು ಅದನ್ನು ಕೊಲ್ಲುತ್ತದೆ. ಹೀಟರ್ ಮತ್ತು ಕ್ಲೋರಿನ್ ನಡುವೆ ನೀರು ಹಿಂದೆ ಬರದಂತೆ ಒಂದು ಚೆಕ್ ವಾಲ್ವ್ ಹಾಕಿಸಿ. ಹೀಟರ್ ಪಕ್ಕದಲ್ಲಿ ಮೂರು ವಾಲ್ವ್ ಇರುವ ಬೈಪಾಸ್, ಅಂದರೆ ನೀರು ಹೀಟರ್ ಒಳಗೆ ಹೋಗದೆ ಪಕ್ಕದಿಂದ ಸಾಗುವ ದಾರಿ, ಬೇಕು. ಪ್ಲಂಬರ್ ಇದೆಲ್ಲ ಯಾಕೆ ಅಂದರೂ ಬಿಡಬೇಡಿ. ಮೆಷಿನ್ ಕೆಟ್ಟ ದಿನ ಅದನ್ನು ಬಿಚ್ಚಿ ಕಳಿಸಿದರೂ ಕೊಳದ ಫಿಲ್ಟರ್ ನಿಲ್ಲಬಾರದು. ನೀರಿನ ವೇಗ ಹೊಂದಿಸಲೂ ಅದೇ ಬೇಕು.

ಮೊದಲ ದಿನ ಎರಡು ವಿಷಯಕ್ಕೆ ಗಾಬರಿ ಆಗಬೇಡಿ. ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ ಇರುತ್ತದೆ. ಕೈಗೆ ಬಿಸಿ ಗೊತ್ತೇ ಆಗುವುದಿಲ್ಲ, ಅದು ಸರಿಯೇ. ಗಂಟೆಗೆ 6,000 ಲೀಟರ್ ಹರಿಯುವಾಗ ಅಷ್ಟೇ ಬರಬೇಕು. ಎರಡನೆಯದು, ಮೆಷಿನ್ ಕೆಳಗೆ ನೀರು ಹರಿಯುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಂತೆ ಇದು ಗಾಳಿಯ ತೇವ. ಸಂಶಯ ಬಂದರೆ ಹೀಟ್ ಪಂಪ್ ಆಫ್ ಮಾಡಿ ಕೊಳದ ಪಂಪನ್ನು ಮಾತ್ರ ಓಡಿಸಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಂತರೆ ಸೋರಿಕೆ ಅಲ್ಲ.

ಕರೆಂಟಿನ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಕೊಳದ ಅಂಚಿನಿಂದ ಮೆಷಿನ್ ಮೂರೂವರೆ ಮೀಟರ್ ದೂರ ಇರಲಿ. ಅದಕ್ಕೇ ಬೇರೆ ಎಂಸಿಬಿ (ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್ಚು), 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು), ಒಳ್ಳೆಯ ಅರ್ತಿಂಗ್. ಕೊಳದ ಸ್ಟೀಲ್ ಏಣಿ, ಕೈಯಲ್ಲಿ ಹಿಡಿಯುವ ಕಂಬಿಗಳನ್ನೂ ಅರ್ತ್ ವೈರಿಗೆ ಸೇರಿಸಬೇಕು. ತ್ರೀ ಫೇಸ್ ಮೆಷಿನ್ ಆದರೆ ಒಂದು ಫೇಸ್ ಹೋದಾಗ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು ನಿಮ್ಮ ಕೆಲಸ.

ನಮ್ಮ ಬೋರ್ ನೀರು ಗಡಸು. ಹಂಡೆಯೊಳಗೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ನೀರು ಬೆಚ್ಚಗಾದಷ್ಟೂ ಸುಣ್ಣ ಬೇಗ ಕೂರುತ್ತದೆ, ಹೀಟರ್ ಸುರುಳಿಯ ಮೇಲೂ ಕೂರುತ್ತದೆ. ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 7.2ರಿಂದ 7.6ರೊಳಗೆ ಇಟ್ಟುಕೊಂಡರೆ ಈ ತೊಂದರೆ ಬಹಳ ಕಡಿಮೆ. ಬೆಚ್ಚಗಿನ ನೀರಿಗೆ ಕ್ಲೋರಿನ್ ಕೂಡ ಜಾಸ್ತಿ ಬೇಕು, ವಾರಕ್ಕೆ ಎರಡು ಸಲ ಪರೀಕ್ಷೆ ಮಾಡಿ.

ಡಿಗ್ರಿ ಎಷ್ಟಿಡಬೇಕು? ಈಜುಸ್ಪರ್ಧೆಗಳ ಕೊಳದಲ್ಲಿ 25ರಿಂದ 28 ಇರುತ್ತದೆ. ಮಕ್ಕಳಿಗೆ 28 ಸಾಕು. ನೀರಿನಲ್ಲಿ ನಿಧಾನವಾಗಿ ನಡೆಯುವ ಅತ್ತೆಯವರಿಗೆ 30 ಹಿತವಾಗಿರುತ್ತದೆ. 28ರಿಂದ 30ಕ್ಕೆ ಏರಿಸಲು 20 ಯೂನಿಟ್ ಕರೆಂಟ್ ಬೇಕು. ಅವರು ವಾರಕ್ಕೆ ಮೂರು ದಿನ ಸತತವಾಗಿ ಇಳಿಯುವುದಾದರೆ ಆ ದಿನಗಳಿಗೆ ಮಾತ್ರ ಏರಿಸಿ. ಮಧ್ಯಾಹ್ನ ಮೂರೂವರೆ, ನಾಲ್ಕು ಗಂಟೆ ಅವರಿಗೆ ಒಳ್ಳೆಯ ಹೊತ್ತು. ನೀರೂ ಬೆಚ್ಚಗೆ, ಮೇಲೆ ಬಂದಾಗ ಬಿಸಿಲೂ ಇರುತ್ತದೆ.

ಈಗ ಹೊದಿಕೆಗೆ ಬರುತ್ತೇನೆ. ಗುಳ್ಳೆ ಗುಳ್ಳೆ ಇರುವ ಬಬಲ್ ಶೀಟ್, 400ರಿಂದ 500 ಮೈಕ್ರಾನ್ ದಪ್ಪದ್ದು, ಗುಳ್ಳೆ ನೀರಿನ ಕಡೆಗೆ ಬರುವಂತೆ ಹಾಸಬೇಕು. ಕೊಳದ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚಿನಲ್ಲಿ ಸಂದು ಬಿಡಬೇಡಿ. ಸುತ್ತಿಡಲು ರೋಲರ್ ತಗೊಳ್ಳಿ, ಇಲ್ಲದಿದ್ದರೆ ಒಂದು ವಾರದಲ್ಲಿ ಎಲ್ಲರಿಗೂ ಬೇಜಾರು ಬಂದು ಶೀಟು ಮೂಲೆ ಸೇರುತ್ತದೆ. ಗುಲಾಬಿ ಬೆಳೆಯುವ ಪಾಲಿಹೌಸ್‌ನ ಹಳೆ ಪ್ಲಾಸ್ಟಿಕ್ ಹಾಸಬಹುದಾ ಅಂದರೆ, ಪ್ರಯೋಗಕ್ಕೆ ಆಗುತ್ತದೆ, ಆವಿಯನ್ನು ಅದೂ ತಡೆಯುತ್ತದೆ. ಆದರೆ ಅದು ಮುದುರಿ ನೀರಿನೊಳಗೆ ಮುಳುಗುತ್ತದೆ. ಒಂದು ಮಾತು ಮನೆಯ ಎಲ್ಲರಿಗೂ ಹೇಳಿ: ಈ ಹೊದಿಕೆಯ ಮೇಲೆ ಮಗು ಕಾಲಿಟ್ಟರೆ ಅದು ತಡೆಯುವುದಿಲ್ಲ, ಮಗು ಕೆಳಗೆ ಸಿಕ್ಕಿಕೊಳ್ಳುತ್ತದೆ, ಮೇಲಿನಿಂದ ಕಾಣುವುದೂ ಇಲ್ಲ. ಕೊಳದ ಸುತ್ತ ಬೇಲಿ, ಚಿಲಕ ಇರುವ ಗೇಟು ಇರಲೇಬೇಕು. ಇಳಿಯುವಾಗ ಹೊದಿಕೆಯನ್ನು ಪೂರ್ತಿ ತೆಗೆಯಿರಿ, ಅರ್ಧ ಸುತ್ತಿಟ್ಟು ಇಳಿಯಬೇಡಿ.

ಹಾಗಾಗಿ ಈ ವಾರ ಹೀಟರ್ ಆರ್ಡರ್ ಮಾಡಬೇಡಿ. ಬಬಲ್ ಶೀಟ್ ಮತ್ತು ದಾರ ಕಟ್ಟಿದ ಒಂದು ಥರ್ಮಾಮೀಟರ್ ತನ್ನಿ. ಒಂದು ವಾರ ಹೊದಿಕೆ ಇಲ್ಲದೆ, ಒಂದು ವಾರ ಹೊದಿಕೆ ಹಾಕಿ, ಸಂಜೆ ಆರಕ್ಕೆ ಮತ್ತು ಬೆಳಿಗ್ಗೆ ಏಳಕ್ಕೆ ನೀರಿನ ಡಿಗ್ರಿ ಬರೆದಿಡಿ. ಮೊದಲ ವಾರ ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರು ಇಟ್ಟು, ಬಕೆಟ್‌ಗೂ ಕೊಳಕ್ಕೂ ಗುರುತು ಹಾಕಿ. ಬಕೆಟ್‌ಗಿಂತ ಕೊಳದ ನೀರು ಜಾಸ್ತಿ ಇಳಿದರೆ ಎಲ್ಲೋ ಸೋರುತ್ತಿದೆ, ಅದನ್ನು ಮೊದಲು ಸರಿಮಾಡಿಸಬೇಕು. ರಾತ್ರಿ ಇಳಿದ ಡಿಗ್ರಿಯನ್ನು 45ರಿಂದ ಗುಣಿಸಿದರೆ ಪ್ರತಿ ರಾತ್ರಿ ನೀವು ಕಳೆದುಕೊಳ್ಳುವ ಬಿಸಿ ಎಷ್ಟು ಯೂನಿಟ್ ಅಂತ ಬರುತ್ತದೆ. ಆ ಎರಡು ವಾರದ ಚೀಟಿ, ಮೆಷಿನ್ ಇಡುವ ಜಾಗದ ಒಂದು ಫೋಟೋ ಕಳಿಸಿ. ನಾನು ಹೇಳಿದ 10 ಕಿಲೋವ್ಯಾಟ್ ಸಾಕಾ, ಇನ್ನೂ ಸಣ್ಣದೇ ನಡೆಯುತ್ತದಾ ಅಂತ ನೋಡಿ ಬರೆಯುತ್ತೇನೆ.